ಚಲಿಸುವ ಮೆಟ್ಟಿಲುಗಳ ವೇಗ ಮತ್ತು ಸುರಕ್ಷತೆ: ಭೂಗತ ರೈಲು ನಿಲ್ದಾಣಗಳು ಕಲಿತ ಪಾಠಗಳು

ಬೆಂಗಳೂರಿನ ಮೆಟ್ರೋ ರೈಲು 2016ರ ಏಪ್ರಿಲ್ ಕೊನೆಯಲ್ಲಿ ಸುರಂಗ ಮಾರ್ಗದಲ್ಲಿ ಸಂಚಾರ ಆರಂಭಿಸಿತು. ದಕ್ಷಿಣ ಭಾರತದಲ್ಲಿ ಇದೇ ಮೊದಲ ಭೂಗತ ಮೆಟ್ರೋ ಮಾರ್ಗವಾಗಿತ್ತು. ಮರುವರ್ಷ ಚಿಕ್ಕಪೇಟೆಯ ಭೂಗತ ನಿಲ್ದಾಣವೂ ತೆರೆದುದರಿಂದ ಅಲ್ಲಿಯ ಸಗಟು ಮಳಿಗೆಗಳಿಗೆ ಸರಕು ಕೊಳ್ಳಲು ಬರುವ ಜಿಲ್ಲೆಗಳ ವರ್ತಕರಿಗೂ ಎಸ್ಕಲೇಟರ್ ಎಂಬುದು ನಿತ್ಯದ ವಸ್ತುವಾಯಿತು. ಬೆಳಗಿನ ಜನಸಂದಣಿಯಲ್ಲಿ ಸಾಲಿನಲ್ಲಿ ನಿಂತವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಈ ಮೆಟ್ಟಿಲನ್ನು ಇನ್ನಷ್ಟು ವೇಗವಾಗಿ ಓಡಿಸಬಾರದೇಕೆ?

ಪ್ರಶ್ನೆ ಸರಳವಾಗಿ ಕಂಡರೂ ಅದರ ಉತ್ತರದಲ್ಲಿ ಯಂತ್ರಶಾಸ್ತ್ರ, ಮನುಷ್ಯ ಸ್ವಭಾವ ಹಾಗೂ ಲೆಕ್ಕಪತ್ರ ಮೂರೂ ಸೇರಿಕೊಂಡಿವೆ. ಸ್ವಂತ ವಾಣಿಜ್ಯ ಸಂಕೀರ್ಣದಲ್ಲಿ, ಜವಳಿ ಮಳಿಗೆಯಲ್ಲಿ ಅಥವಾ ಕಲ್ಯಾಣ ಮಂಟಪದಲ್ಲಿ ಎಸ್ಕಲೇಟರ್ ಅಳವಡಿಸಿರುವ ಇಲ್ಲವೇ ಅಳವಡಿಸಲು ಯೋಚಿಸುತ್ತಿರುವ ಉದ್ಯಮಿಗಳಿಗೆ ಭೂಗತ ನಿಲ್ದಾಣಗಳ ಅನುಭವ ಉಪಯುಕ್ತವಾಗಬಲ್ಲದು. ಏಕೆಂದರೆ ಈ ಯಂತ್ರವನ್ನು ಅತಿ ಹೆಚ್ಚು ದುಡಿಸಿಕೊಂಡವರು ಹಾಗೂ ಅದರಿಂದ ಅತಿ ಹೆಚ್ಚು ನೋವುಂಡವರು ಅವರೇ.

ಅಂಗಡಿಯಿಂದ ಸುರಂಗಕ್ಕೆ

ಎಸ್ಕಲೇಟರ್ ಮೊದಲು ಮನರಂಜನೆಯ ವಸ್ತುವಾಗಿ ಹುಟ್ಟಿ, ಬಳಿಕ ವ್ಯಾಪಾರದ ಸಾಧನವಾಗಿ ಬೆಳೆಯಿತು. ಅಮೆರಿಕದ ಜೆಸ್ಸಿ ರೆನೋ 1896ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್ ವಿಹಾರಧಾಮದಲ್ಲಿ ಇಳಿಜಾರು ಪಟ್ಟಿಯೊಂದನ್ನು ಓಡಿಸಿ ತೋರಿಸಿದರು. 1898ರಲ್ಲಿ ಲಂಡನ್ನಿನ ಹ್ಯಾರಡ್ಸ್ ಮಳಿಗೆ ಅಂಥದೇ ಚಲಿಸುವ ಪಟ್ಟಿಯನ್ನು ಅಳವಡಿಸಿ, ಮೇಲೆ ತಲುಪಿ ಗಾಬರಿಗೊಂಡ ಗ್ರಾಹಕರಿಗೆ ಬ್ರಾಂದಿ ಕೊಟ್ಟು ಉಪಚರಿಸಿತು. ‘ಎಸ್ಕಲೇಟರ್’ ಎಂಬ ಹೆಸರು ಮೂಲತಃ ಓಟಿಸ್ ಕಂಪನಿಯ ನೋಂದಾಯಿತ ವ್ಯಾಪಾರ ಚಿಹ್ನೆ. ಕಂಪನಿಯೇ ಅದನ್ನು ಸಾಮಾನ್ಯ ನಾಮವಾಗಿ ಬಳಸುತ್ತ ಹೋದುದರಿಂದ 1950ರಲ್ಲಿ ಅಮೆರಿಕದಲ್ಲಿ ಆ ಹಕ್ಕನ್ನು ಕಳೆದುಕೊಂಡಿತು. ತಮ್ಮ ಬ್ರ್ಯಾಂಡಿನ ಹೆಸರು ಮನೆಮಾತಾಗಲಿ ಎಂದು ಬಯಸುವ ತಯಾರಕರು ಈ ಪ್ರಸಂಗವನ್ನು ನೆನಪಿಡುವುದು ಒಳ್ಳೆಯದು. 1911ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ನಿಲ್ದಾಣದಲ್ಲಿ ಆ ನಗರದ ಭೂಗತ ರೈಲಿನ ಮೊದಲ ಎಸ್ಕಲೇಟರ್ ಆರಂಭವಾಯಿತು. ಲಿಫ್ಟಿನಂತೆ ಕಾಯಿಸದೆ ಜನರನ್ನು ಎಡೆಬಿಡದೆ ಸಾಗಿಸುವುದೇ ಅದರ ಹೆಚ್ಚುಗಾರಿಕೆಯಾಗಿತ್ತು.

ವೇಗ ಹೆಚ್ಚಿದಷ್ಟೂ ಜನ ಹೆಚ್ಚು ಸಾಗುವರೇ?

ಯೂರೋಪಿನ ಇಎನ್ 115 ಎಂಬ ಮಾನದಂಡದ ಪ್ರಕಾರ 30 ಡಿಗ್ರಿವರೆಗಿನ ಇಳಿಜಾರಿನ ಎಸ್ಕಲೇಟರ್ ಸೆಕೆಂಡಿಗೆ 0.75 ಮೀಟರಿಗಿಂತ ವೇಗವಾಗಿ ಓಡುವಂತಿಲ್ಲ. 30ರಿಂದ 35 ಡಿಗ್ರಿಯ ಕಡಿದಾದ ಇಳಿಜಾರಿಗೆ ಮಿತಿ 0.5 ಮೀಟರ್. ಮಳಿಗೆಗಳಲ್ಲಿ ಸಾಮಾನ್ಯವಾಗಿ ಕಂಡುಬರುವುದು 0.5 ಮೀಟರ್ ವೇಗ. ಲಂಡನ್ನಿನ ಭೂಗತ ನಿಲ್ದಾಣಗಳಲ್ಲಿ ಗರಿಷ್ಠ ಮಿತಿಯ ಹತ್ತಿರದ ವೇಗ, ಅಂದರೆ ನಿಮಿಷಕ್ಕೆ ಸುಮಾರು 145 ಅಡಿ, ಬಳಕೆಯಲ್ಲಿದೆ.

ಈಗ ಸ್ವಲ್ಪ ಲೆಕ್ಕ. ಒಂದು ಮೀಟರ್ ಅಗಲದ ಮೆಟ್ಟಿಲಿನ ಮೇಲೆ ಇಬ್ಬರು ನಿಲ್ಲಬಹುದು. ಒಂದು ಮೆಟ್ಟಿಲಿನ ಆಳ ಸುಮಾರು 40 ಸೆಂಟಿಮೀಟರ್. ಸೆಕೆಂಡಿಗೆ 0.5 ಮೀಟರ್ ವೇಗದಲ್ಲಿ ಯಾವ ಮೆಟ್ಟಿಲೂ ಖಾಲಿ ಹೋಗದಿದ್ದರೆ ಗಂಟೆಗೆ 9,000 ಜನ ಸಾಗಬೇಕು, 0.75 ಮೀಟರ್ ವೇಗದಲ್ಲಿ 13,500 ಜನ. ಇದು ಕಾಗದದ ಮೇಲಿನ ಲೆಕ್ಕ. ಇದೇ ಇಎನ್ 115 ಮಾನದಂಡವು ವಾಸ್ತವ ಯೋಜನೆಗೆಂದು ಕೊಡುವ ಅಂಕಿಗಳು ಬೇರೆಯೇ: 0.5 ಮೀಟರಿಗೆ ಗಂಟೆಗೆ 6,000, 0.65 ಮೀಟರಿಗೆ 7,300, 0.75 ಮೀಟರಿಗೆ 8,200. ಅಂದರೆ ವೇಗವು ಶೇಕಡಾ 50ರಷ್ಟು ಹೆಚ್ಚಿದಾಗ ಸಾಗುವ ಜನರ ಸಂಖ್ಯೆ ಹೆಚ್ಚುವುದು ಶೇಕಡಾ 37ರಷ್ಟು ಮಾತ್ರ. ಕಾರ್ಖಾನೆ ನಡೆಸುವವರಿಗೆ ಇದು ಅಪರಿಚಿತವೇನಲ್ಲ. ಸ್ಥಾಪಿತ ಸಾಮರ್ಥ್ಯವೇ ಬೇರೆ, ವಾಸ್ತವ ಉತ್ಪಾದನೆಯೇ ಬೇರೆ.

ಇದಕ್ಕೆ ಕಾರಣ ಯಂತ್ರದಲ್ಲಿಲ್ಲ, ಹತ್ತುವವರ ಕಾಲಿನಲ್ಲಿದೆ. ಮೆಟ್ಟಿಲು ವೇಗವಾದಷ್ಟೂ ಕಾಲಿಡುವವರು ಅರೆಕ್ಷಣ ಹಿಂಜರಿಯುತ್ತಾರೆ. ವೃದ್ಧರು, ಮಕ್ಕಳ ಕೈಹಿಡಿದವರು, ಎರಡೂ ಕೈಗಳಲ್ಲಿ ಚೀಲ ಹಿಡಿದವರು ಇನ್ನೂ ಹೆಚ್ಚು ಹಿಂಜರಿಯುತ್ತಾರೆ. ಹೀಗೆ ಹಿಂಜರಿದಾಗಲೆಲ್ಲ ಒಂದೆರಡು ಮೆಟ್ಟಿಲುಗಳು ಖಾಲಿಯಾಗಿ ಮೇಲೇರುತ್ತವೆ. ಒಂದು ಹಂತ ದಾಟಿದ ಮೇಲೆ ವೇಗ ಹೆಚ್ಚಿಸಿದರೆ ವಿದ್ಯುತ್ ವೆಚ್ಚವೂ ಸವೆತವೂ ಹೆಚ್ಚುತ್ತವೆಯೇ ಹೊರತು ಜನ ಹೆಚ್ಚು ಸಾಗುವುದಿಲ್ಲ.

ವೇಗವನ್ನು ಮುಟ್ಟದೆಯೇ ಸಾಮರ್ಥ್ಯ ಹೆಚ್ಚಿಸುವ ಪ್ರಯೋಗವೊಂದು ಲಂಡನ್ನಿನ ಹೋಬರ್ನ್ ನಿಲ್ದಾಣದಲ್ಲಿ ನಡೆಯಿತು. ಆ ನಗರದಲ್ಲಿ ಬಲಕ್ಕೆ ನಿಂತು, ಎಡಭಾಗವನ್ನು ನಡೆದು ಹೋಗುವವರಿಗೆ ಬಿಡುವುದು ಹಳೆಯ ರೂಢಿ. ಹೋಬರ್ನ್‌ನ ಎಸ್ಕಲೇಟರ್ 23 ಮೀಟರಿಗೂ ಹೆಚ್ಚು ಎತ್ತರ ಏರುವುದರಿಂದ ಅಷ್ಟು ದೂರ ಹತ್ತಿ ನಡೆಯುವವರು ಕಡಿಮೆ. ಹೀಗಾಗಿ ಎಡಭಾಗ ಬಹುಪಾಲು ಖಾಲಿಯಾಗಿ ಓಡುತ್ತಿತ್ತು, ಬಲಭಾಗಕ್ಕಾಗಿ ಕೆಳಗೆ ಜನ ಕಾಯುತ್ತಿದ್ದರು. 2015ರಲ್ಲಿ ಮೂರು ವಾರ, ಬಳಿಕ 2016ರಲ್ಲಿ ಆರು ತಿಂಗಳು ಎರಡೂ ಬದಿಯಲ್ಲಿ ನಿಲ್ಲುವಂತೆ ಪ್ರಯಾಣಿಕರನ್ನು ಕೋರಲಾಯಿತು. ದಟ್ಟಣೆಯ ಹೊತ್ತಿನಲ್ಲಿ ಅದೇ ಯಂತ್ರ, ಅದೇ ವೇಗದಲ್ಲಿ, ಸುಮಾರು ಶೇಕಡಾ 30ರಷ್ಟು ಹೆಚ್ಚು ಜನರನ್ನು ಸಾಗಿಸಿತು. ಆದರೂ ನಡೆದು ಹೋಗುವ ಹಕ್ಕು ತಮ್ಮದೆಂದು ಭಾವಿಸಿದ್ದ ಪ್ರಯಾಣಿಕರಿಗೆ ಅದು ಹಿಡಿಸಲಿಲ್ಲ, ಪ್ರಯೋಗ ಶಾಶ್ವತ ನಿಯಮವಾಗಲಿಲ್ಲ. ಲಾಭ ಇಷ್ಟು ಸ್ಪಷ್ಟವಾಗಿದ್ದರೂ ರೂಢಿಯೇ ಗೆದ್ದಿತು.

ಓಡಿಸುವುದಕ್ಕಿಂತ ನಿಲ್ಲಿಸುವುದು ಕಷ್ಟ

ಎಸ್ಕಲೇಟರಿನ ವೇಗದ ವಿಚಾರದಲ್ಲಿ ಸಾರ್ವಜನಿಕರ ಗಮನಕ್ಕೆ ಬಾರದ ಸಂಗತಿ ಇದು. ಹೋಬರ್ನ್‌ನಂಥ ಎಸ್ಕಲೇಟರಿನ ಇಳಿಜಾರಿನ ಉದ್ದ ಸುಮಾರು 47 ಮೀಟರ್. ಅದರ ಮೇಲೆ ಒಮ್ಮೆಗೆ ಸುಮಾರು 117 ಮೆಟ್ಟಿಲುಗಳಿರುತ್ತವೆ. ಪ್ರತಿ ಮೆಟ್ಟಿಲಿಗೆ ಸರಾಸರಿ 60 ಕಿಲೋ ತೂಕದ ಇಬ್ಬರಂತೆ ಹಿಡಿದರೆ ಒಟ್ಟು ಭಾರ 14 ಟನ್ನು. ತುಂಬಿದ ಲಾರಿಯೊಂದನ್ನು 30 ಡಿಗ್ರಿ ಇಳಿಜಾರಿನಲ್ಲಿ ನಿಲ್ಲಿಸಿದಂತೆ ಇದು. ವ್ಯತ್ಯಾಸವೆಂದರೆ ಇಲ್ಲಿಯ ಭಾರ ಜೀವವುಳ್ಳದ್ದು.

ಜನರನ್ನು ಹೊತ್ತು ಕೆಳಗಿಳಿಯುವ ಎಸ್ಕಲೇಟರಿನಲ್ಲಿ ಮೋಟಾರು ಮೆಟ್ಟಿಲುಗಳನ್ನು ಎಳೆಯುವುದಿಲ್ಲ. ಭಾರವೇ ಮೆಟ್ಟಿಲುಗಳನ್ನು ಕೆಳಕ್ಕೆ ತಳ್ಳುತ್ತಿರುತ್ತದೆ, ಮೋಟಾರು ಅದನ್ನು ತಡೆಹಿಡಿದು ನಿಗದಿತ ವೇಗದಲ್ಲಿ ಇಳಿಸುತ್ತಿರುತ್ತದೆ. ಮೋಟಾರು ನಿಂತರೆ ಅಥವಾ ಮೋಟಾರಿಗೂ ಮೆಟ್ಟಿಲಿಗೂ ನಡುವಿನ ಸರಪಳಿ ಕಳಚಿದರೆ ಆ ಹಿಡಿತ ತಪ್ಪುತ್ತದೆ. ಆಗ ಉಳಿಯುವುದು ಬ್ರೇಕು ಮಾತ್ರ.

ಬ್ರೇಕು ಬಿಗಿಯಾಗಿದ್ದಷ್ಟೂ ಒಳ್ಳೆಯದು ಎಂಬುದೂ ತಪ್ಪು ತಿಳಿವಳಿಕೆ. ಥಟ್ಟನೆ ನಿಂತರೆ ಮೇಲಿರುವವರು ಒಬ್ಬರ ಮೇಲೊಬ್ಬರು ಉರುಳುತ್ತಾರೆ. ಆದ್ದರಿಂದ ಮಾನದಂಡವು ಕನಿಷ್ಠ ಮತ್ತು ಗರಿಷ್ಠ ಎರಡೂ ನಿಲುಗಡೆ ದೂರಗಳನ್ನು ನಿಗದಿಪಡಿಸಿದೆ. 0.5 ಮೀಟರ್ ವೇಗದ ಎಸ್ಕಲೇಟರ್ 20 ಸೆಂಟಿಮೀಟರಿಗಿಂತ ಮೊದಲು ನಿಲ್ಲಬಾರದು, ಒಂದು ಮೀಟರ್ ದಾಟಲೂ ಬಾರದು. 0.75 ಮೀಟರ್ ವೇಗಕ್ಕೆ ಈ ಮಿತಿಗಳು 40 ಸೆಂಟಿಮೀಟರ್ ಮತ್ತು ಒಂದೂವರೆ ಮೀಟರ್. ಆರು ಮೀಟರಿಗಿಂತ ಎತ್ತರ ಏರುವ ಎಸ್ಕಲೇಟರಿಗೆ ಪ್ರತ್ಯೇಕವಾದ ಎರಡನೆಯ ಬ್ರೇಕು ಇರಲೇಬೇಕು. ವೇಗವು ನಿಗದಿತ ಮಟ್ಟದ 1.4 ಪಟ್ಟನ್ನು ಮೀರುವ ಮೊದಲೇ, ಅಥವಾ ಮೇಲೇರುತ್ತಿದ್ದ ಮೆಟ್ಟಿಲು ಹಿಂದಕ್ಕೆ ತಿರುಗಿದ ಕೂಡಲೇ, ಅದು ಹಿಡಿಯಬೇಕು.

ಇಷ್ಟು ಬಿಗಿಯಾದ ಎಚ್ಚರಿಕೆ ಏಕೆ ಬೇಕು ಎಂಬುದನ್ನು ಮಾಸ್ಕೋ ನಗರದ ಅವಿಯಾಮೋಟೋರ್ನಾಯಾ ನಿಲ್ದಾಣದ ದುರಂತ ತೋರಿಸಿತು. 1979ರ ಕೊನೆಯಲ್ಲಿ ಆರಂಭವಾದ ಆ ನಿಲ್ದಾಣದ ಎಸ್ಕಲೇಟರುಗಳು ಹೊಸ ಮಾದರಿಯವು. 1982ರ ಫೆಬ್ರವರಿ 17ರ ಸಂಜೆ, ಕೆಲಸ ಮುಗಿಸಿ ಮನೆಗೆ ಹೊರಟವರ ದಟ್ಟಣೆಯ ಹೊತ್ತಿನಲ್ಲಿ, ಕೆಳಗಿಳಿಯುತ್ತಿದ್ದ ಎಸ್ಕಲೇಟರಿನ ಮೆಟ್ಟಿಲೊಂದು ಮುರಿಯಿತು. ರಕ್ಷಣಾ ಸಾಧನ ತನ್ನ ಕೆಲಸ ಮಾಡಿ ಮೋಟಾರನ್ನು ನಿಲ್ಲಿಸಿತು. ಆದರೆ ಮೋಟಾರು ಬಿಟ್ಟ ಭಾರವನ್ನು ಹಿಡಿಯಬೇಕಿದ್ದ ಬ್ರೇಕಿಗೆ ಸಾಕಷ್ಟು ಬಿಗಿ ಇರಲಿಲ್ಲ, ತುರ್ತು ಬ್ರೇಕೂ ತಡೆಯಲಿಲ್ಲ. ಮೆಟ್ಟಿಲುಗಳು ಸಾಮಾನ್ಯ ವೇಗದ ಎರಡು ಪಟ್ಟಿಗೂ ಮೀರಿ ಕೆಳಕ್ಕೆ ಧಾವಿಸಿದವು. ಕೆಳತುದಿಯಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದರು. ಪಾರಾಗಲು ಪಕ್ಕದ ಕಟ್ಟೆಯನ್ನೇರಿದವರ ಭಾರಕ್ಕೆ ಅದರ ತೆಳು ಪ್ಲಾಸ್ಟಿಕ್ ಹಲಗೆಗಳು ಒಡೆದವು. ಅಧಿಕೃತ ಲೆಕ್ಕದಂತೆ ಎಂಟು ಮಂದಿ ಸತ್ತರು, ಮೂವತ್ತು ಮಂದಿ ಗಾಯಗೊಂಡರು. ಹಲಗೆ ಒಡೆದು ಒಳಗೆ ಬಿದ್ದವರು ಯಂತ್ರಕ್ಕೆ ಸಿಕ್ಕಿ ಸತ್ತರೆಂಬ ವದಂತಿ ಬಹುಕಾಲ ಹಬ್ಬಿತ್ತು, ಅದು ನಿಜವಲ್ಲ. ಸಾವುಗಳು ಸಂಭವಿಸಿದ್ದು ಕೆಳತುದಿಯ ನೂಕುನುಗ್ಗಲಿನಲ್ಲಿ.

ತನಿಖೆಯಲ್ಲಿ ತಿಳಿದ ಮುಖ್ಯ ಕಾರಣ ಲೆಕ್ಕಪರಿಶೋಧಕರಿಗೂ ಕಾರ್ಖಾನೆ ವ್ಯವಸ್ಥಾಪಕರಿಗೂ ಚೆನ್ನಾಗಿ ಪರಿಚಿತವಾದುದು. 1981ರ ಡಿಸೆಂಬರ್‌ನಲ್ಲಿ, ಅಂದರೆ ಅಪಘಾತಕ್ಕೆ ಕೆಲವೇ ವಾರಗಳ ಮುನ್ನ, ಬೇರೆ ಬಗೆಯ ಬ್ರೇಕುಗಳನ್ನು ಅಳವಡಿಸಲಾಗಿತ್ತು. ನಿರ್ವಹಣೆಯವರು ಅವನ್ನು ಹಳೆಯ ಸೂಚನಾಪತ್ರದಂತೆಯೇ ಸರಿಹೊಂದಿಸಿದ್ದರು. ಯಂತ್ರ ಹೊಸದಾಯಿತು, ಕೈಪಿಡಿ ಹಳೆಯದಾಗಿಯೇ ಉಳಿಯಿತು.

ನಂತರದ ಅಪಘಾತಗಳೂ ಇದೇ ಜಾಡಿನವು. 2011ರ ಜುಲೈ 5ರಂದು ಬೀಜಿಂಗ್‌ನ ಮೃಗಾಲಯ ನಿಲ್ದಾಣದಲ್ಲಿ ಮೇಲೇರುತ್ತಿದ್ದ ಎಸ್ಕಲೇಟರ್ ಹಠಾತ್ತನೆ ಹಿಂದಕ್ಕೆ ಓಡಿತು. 13 ವರ್ಷದ ಬಾಲಕನೊಬ್ಬ ಸತ್ತನು, ಸುಮಾರು ಮೂವತ್ತು ಜನ ಗಾಯಗೊಂಡರು. ಮೋಟಾರನ್ನು ಬಿಗಿದಿದ್ದ ಭಾಗಗಳು ಹಾಳಾಗಿ ಅದು ಸ್ಥಾನ ಬದಲಿಸಿತ್ತು, ಸರಪಳಿ ಕಳಚಿತ್ತು. 2018ರ ಅಕ್ಟೋಬರ್ 23ರಂದು ರೋಮ್ ನಗರದ ರಿಪಬ್ಲಿಕಾ ನಿಲ್ದಾಣದಲ್ಲಿ ಫುಟ್‌ಬಾಲ್ ಅಭಿಮಾನಿಗಳಿಂದ ತುಂಬಿದ್ದ ಎಸ್ಕಲೇಟರ್ ಹತೋಟಿ ತಪ್ಪಿ ಕೆಳಕ್ಕೆ ಧಾವಿಸಿ ಇಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಅಲ್ಲಿಯೂ ತನಿಖೆ ನಿರ್ವಹಣೆಯ ಲೋಪಗಳತ್ತ ಬೊಟ್ಟುಮಾಡಿತು. ಈ ಯಾವ ಪ್ರಕರಣದಲ್ಲೂ ನಿಗದಿತ ವೇಗ ಹೆಚ್ಚಾಗಿದ್ದುದು ಕಾರಣವಾಗಿರಲಿಲ್ಲ.

ಕಿಂಗ್ಸ್ ಕ್ರಾಸ್: ಒಂದು ಬೆಂಕಿಕಡ್ಡಿ

ಎಸ್ಕಲೇಟರುಗಳ ಇತಿಹಾಸದ ಅತಿ ಘೋರ ದುರಂತಕ್ಕೂ ವೇಗಕ್ಕೂ ಸಂಬಂಧವೇ ಇಲ್ಲ. ಲಂಡನ್ನಿನ ಕಿಂಗ್ಸ್ ಕ್ರಾಸ್ ಭೂಗತ ನಿಲ್ದಾಣದಲ್ಲಿ ಪಿಕಡಿಲಿ ಮಾರ್ಗದ ಎಸ್ಕಲೇಟರುಗಳು ಮರದ ಮೆಟ್ಟಿಲು, ಮರದ ಪಕ್ಕಗಳಿದ್ದ ಹಳೆಯ ಮಾದರಿಯವು. 1987ರ ನವೆಂಬರ್ 18ರ ಸಂಜೆ ಏಳೂವರೆಯ ಸುಮಾರಿಗೆ ಪ್ರಯಾಣಿಕರೊಬ್ಬರು ಅವುಗಳಲ್ಲೊಂದರ ಅಡಿಯಲ್ಲಿ ಸಣ್ಣ ಬೆಂಕಿಯನ್ನು ಕಂಡು ತಿಳಿಸಿದರು. ಹೊರಗೆ ಹೋಗುತ್ತ ಸಿಗರೇಟು ಹಚ್ಚಿಕೊಂಡ ಯಾರೋ ಬಿಸಾಡಿದ ಬೆಂಕಿಕಡ್ಡಿ ಮೆಟ್ಟಿಲಿಗೂ ಪಕ್ಕದ ಹಲಗೆಗೂ ನಡುವಿನ ಸಂದಿನಿಂದ ಕೆಳಗಿಳಿದಿರಬೇಕೆಂದು ವಿಚಾರಣೆ ತೀರ್ಮಾನಿಸಿತು. ನೆಲದಡಿಯ ನಿಲ್ದಾಣಗಳಲ್ಲಿ ಧೂಮಪಾನ ಆಗಲೇ ನಿಷೇಧವಾಗಿತ್ತು, ಪಾಲನೆ ಮಾತ್ರ ಇರಲಿಲ್ಲ.

ಕೆಳಗೆ ಇದ್ದುದು ಗ್ರೀಸು. ಗಾಲಿಗಳು ಓಡುವ ಹಳಿಗಳ ಮೇಲೆ ಹಾಕುತ್ತ ಬಂದ ಗ್ರೀಸು, ಅದಕ್ಕೆ ಅಂಟಿದ ಕಾಗದದ ಚೂರು, ಬಟ್ಟೆಯ ಎಳೆ, ಕೂದಲು, ಧೂಳು. ಆ ಜಾಗವನ್ನು ಎಸ್ಕಲೇಟರ್ ಸ್ಥಾಪನೆಯಾದಂದಿನಿಂದ ಒಮ್ಮೆಯೂ ಪೂರ್ಣವಾಗಿ ಶುಚಿಗೊಳಿಸಿರಲಿಲ್ಲ. ಅಲ್ಲಿ ಹಿಂದೆಯೂ ಸಣ್ಣ ಬೆಂಕಿಗಳು ಹೊತ್ತಿ ತಾವಾಗಿಯೇ ಆರಿದ್ದ ಗುರುತುಗಳು ದೊರೆತವು. ಸಿಬ್ಬಂದಿಯ ಮಾತಿನಲ್ಲಿ ಅವಕ್ಕೆ ‘ಬೆಂಕಿ’ ಎಂಬ ಹೆಸರೂ ಇರಲಿಲ್ಲ, ‘ಹೊಗೆಯಾಡುವಿಕೆ’ ಎನ್ನುತ್ತಿದ್ದರು. ಸೌಮ್ಯವಾದ ಹೆಸರಿಟ್ಟ ಅಪಾಯಕ್ಕೆ ಯಾರೂ ಹಣ ಮೀಸಲಿಡುವುದಿಲ್ಲ. ಎಸ್ಕಲೇಟರಿನ ಅಡಿಯಲ್ಲಿ ನೀರು ಚಿಮುಕಿಸುವ ವ್ಯವಸ್ಥೆಯಿದ್ದರೂ ಆ ಸಂಜೆ ಅದನ್ನು ಯಾರೂ ಚಾಲನೆ ಮಾಡಲಿಲ್ಲ.

ಮೊದಲ ಕಾಲು ಗಂಟೆ ಬೆಂಕಿ ಒಂದು ರಟ್ಟಿನ ಪೆಟ್ಟಿಗೆ ಉರಿದಷ್ಟೇ ಇತ್ತು. 7 ಗಂಟೆ 45 ನಿಮಿಷಕ್ಕೆ ಅದು ಒಮ್ಮೆಲೇ ಮೇಲಿನ ಟಿಕೆಟ್ ಅಂಗಳಕ್ಕೆ ನುಗ್ಗಿತು. ಅಗ್ನಿಶಾಮಕ ಅಧಿಕಾರಿ ಕಾಲಿನ್ ಟೌನ್ಸ್ಲಿ ಅವರೂ ಸೇರಿ 31 ಮಂದಿ ಮೃತಪಟ್ಟರು. ಅಷ್ಟು ಸಣ್ಣ ಬೆಂಕಿ ಅಷ್ಟು ಬೇಗ ಹಾಗಾದುದು ತಜ್ಞರಿಗೂ ಒಗಟಾಗಿತ್ತು. ಕಂಪ್ಯೂಟರಿನಲ್ಲಿ ರಚಿಸಿದ ಮಾದರಿಯಲ್ಲಿ ಜ್ವಾಲೆಗಳು ನೇರ ಮೇಲಕ್ಕೇಳದೆ ಮೆಟ್ಟಿಲ ಕಾಲುವೆಯಲ್ಲೇ ಮಲಗಿ ಮುಂದಕ್ಕೆ ಹರಿದಂತೆ ಕಂಡಿತು. ಮೊದಲು ಯಾರೂ ಅದನ್ನು ನಂಬಲಿಲ್ಲ. ಮೂರನೆಯ ಒಂದು ಅಳತೆಯ ಪ್ರತಿಕೃತಿಯನ್ನು ಕಟ್ಟಿ ಸುಟ್ಟು ನೋಡಿದಾಗ ಹಾಗೆಯೇ ಆಯಿತು. ಎರಡೂ ಪಕ್ಕ ಹಲಗೆಗಳಿರುವ 30 ಡಿಗ್ರಿ ಇಳಿಜಾರು ಒಂದು ಓಲೆಯ ಕೊಳವೆಯಂತೆ ವರ್ತಿಸುತ್ತದೆ. ಮುಂದಿನ ಮೆಟ್ಟಿಲುಗಳು ಮೊದಲೇ ಕಾದು, ಬಳಿಕ ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಈ ವಿದ್ಯಮಾನವು ಆ ವಿಚಾರಣೆಯಿಂದಲೇ ಲೋಕಕ್ಕೆ ಸ್ಪಷ್ಟವಾಗಿ ತಿಳಿಯಿತು.

ಡೆಸ್ಮಂಡ್ ಫೆನೆಲ್ ಅವರ ನೇತೃತ್ವದ ವಿಚಾರಣೆ 91 ದಿನ ಕಲಾಪ ನಡೆಸಿ, 1988ರ ನವೆಂಬರ್‌ನಲ್ಲಿ 157 ಶಿಫಾರಸುಗಳ ವರದಿ ನೀಡಿತು. 1989ರಲ್ಲಿ ಭೂಗತ ನಿಲ್ದಾಣಗಳಿಗೆ ಪ್ರತ್ಯೇಕ ಅಗ್ನಿ ಸುರಕ್ಷತಾ ನಿಯಮಗಳು ಬಂದವು. ಮರದ ಎಸ್ಕಲೇಟರುಗಳನ್ನು ಒಂದೊಂದಾಗಿ ಕಳಚಿ ಲೋಹದವನ್ನು ಹಾಕಲಾಯಿತು. ನೆಲಮಟ್ಟಕ್ಕಿಂತ ಮೇಲಿರುವ ಗ್ರೀನ್‌ಫರ್ಡ್ ನಿಲ್ದಾಣದಲ್ಲಿ ಉಳಿದಿದ್ದ ಕೊನೆಯದನ್ನು ನಿಲ್ಲಿಸಿದ್ದು 2014ರಲ್ಲಿ.

ಖರ್ಚು ಯಾವ ಖಾತೆಗೆ?

ನಿರ್ವಹಣೆಯ ವೆಚ್ಚಕ್ಕೆ ಒಂದು ವಿಚಿತ್ರ ಗುಣವಿದೆ. ಅದನ್ನು ಈ ವರ್ಷ ಮಾಡದೆ ಬಿಟ್ಟರೆ ಲಾಭ ನಷ್ಟ ಪಟ್ಟಿಯಲ್ಲಿ ಅಷ್ಟೂ ಲಾಭವಾಗಿ ಕಾಣುತ್ತದೆ. ಬ್ರೇಕಿನ ಪಟ್ಟಿ ಸವೆದುದನ್ನು ಆಸ್ತಿ ಹೊಣೆ ಪಟ್ಟಿ ತೋರಿಸುವುದಿಲ್ಲ. ಎಸ್ಕಲೇಟರಿನ ಸವಕಳಿ ಪ್ರತಿ ವರ್ಷ ನಿಯಮಬದ್ಧವಾಗಿ ಬರೆಯಲ್ಪಡುತ್ತದೆ. ಆದರೆ ಸವಕಳಿ ಪುಸ್ತಕದಲ್ಲಿ ಮಾತ್ರ ನಡೆಯುವ ಕ್ರಿಯೆ, ಸವೆತವಾದರೋ ಯಂತ್ರದಲ್ಲಿ ನಡೆಯುತ್ತದೆ. ಎರಡೂ ಒಂದೇ ಗತಿಯಲ್ಲಿ ಸಾಗಬೇಕೆಂಬ ನಿಯಮವಿಲ್ಲ.

ಕಂಪನಿಗಳ ಅಧಿನಿಯಮ 2013ರ ಎರಡನೆಯ ಅನುಸೂಚಿಯಂತೆ ಒಂದು ಆಸ್ತಿಯ ಮಹತ್ವದ ಭಾಗದ ಬಾಳಿಕೆ ಉಳಿದುದಕ್ಕಿಂತ ಬೇರೆಯಿದ್ದರೆ ಅದನ್ನು ಪ್ರತ್ಯೇಕವಾಗಿ ಲೆಕ್ಕ ಹಿಡಿಯಬೇಕು. ಎಸ್ಕಲೇಟರಿನಲ್ಲಿ ಉಕ್ಕಿನ ಚೌಕಟ್ಟು ದಶಕಗಳ ಕಾಲ ಬಾಳುತ್ತದೆ. ಮೆಟ್ಟಿಲ ಸರಪಳಿ, ಗಾಲಿಗಳು, ಕೈಹಿಡಿ ಪಟ್ಟಿ ಅದಕ್ಕಿಂತ ಬಹಳ ಬೇಗ ಬದಲಾಗುತ್ತವೆ. ಈ ಭಾಗಗಳನ್ನು ಬೇರೆಯಾಗಿ ಗುರುತಿಸಿಟ್ಟರೆ ಅವುಗಳ ಬದಲಾವಣೆಯ ವರ್ಷ ಮುಂಗಡಪತ್ರದಲ್ಲಿ ತಾನಾಗಿ ಕಾಣಿಸಿಕೊಳ್ಳುತ್ತದೆ. ದಿನನಿತ್ಯದ ಶುಚಿಗೊಳಿಸುವಿಕೆ, ಎಣ್ಣೆ, ಸಣ್ಣ ದುರಸ್ತಿ ರೆವಿನ್ಯೂ ವೆಚ್ಚವೇ. ಆದರೆ ನಿಯತಕಾಲಿಕವಾಗಿ ನಡೆಸಬೇಕಾದ ದೊಡ್ಡ ತಪಾಸಣೆಯ ವೆಚ್ಚವನ್ನು ಲೆಕ್ಕಪತ್ರ ಮಾನದಂಡದ ಷರತ್ತುಗಳಿಗೆ ಒಳಪಟ್ಟು ಆಸ್ತಿಯ ಮೌಲ್ಯಕ್ಕೆ ಸೇರಿಸಲು ಅವಕಾಶವಿದೆ. ಒಂದೇ ವರ್ಷದ ಲಾಭ ಕುಗ್ಗುತ್ತದೆಂಬ ಕಾರಣಕ್ಕೆ ತಪಾಸಣೆಯನ್ನು ಮುಂದೂಡುವವರು ಈ ಅವಕಾಶವನ್ನು ತಮ್ಮ ಲೆಕ್ಕಪರಿಶೋಧಕರೊಡನೆ ಚರ್ಚಿಸುವುದು ಮೇಲು.

ಮಳಿಗೆಯ ಮಾಲೀಕರು ಗಮನಿಸಬೇಕಾದುದು

ನಮ್ಮ ರಾಜ್ಯದಲ್ಲಿ ಕರ್ನಾಟಕ ಲಿಫ್ಟುಗಳು, ಎಸ್ಕಲೇಟರುಗಳು ಮತ್ತು ಪ್ರಯಾಣಿಕ ಕನ್ವೇಯರುಗಳ ಅಧಿನಿಯಮ 2012 ಜಾರಿಯಲ್ಲಿದೆ. ಅದರ ಪ್ರಕಾರ ಅಳವಡಿಸುವ ಮುನ್ನ ಅನುಮತಿ, ಓಡಿಸುವ ಮುನ್ನ ಪರವಾನಗಿ ಅಗತ್ಯ. ವಿದ್ಯುತ್ ಪರಿವೀಕ್ಷಣಾಲಯವು ಇದರ ಉಸ್ತುವಾರಿ ನೋಡಿಕೊಳ್ಳುತ್ತದೆ. ಆದರೆ ಪರವಾನಗಿಯ ಕಾಗದ ಗೋಡೆಯ ಮೇಲಿದ್ದ ಮಾತ್ರಕ್ಕೆ ದಿನದಿನದ ಹೊಣೆ ಮಾಲೀಕರ ತಲೆಯಿಂದ ಇಳಿಯುವುದಿಲ್ಲ.

ನಮ್ಮಲ್ಲಿ ವಿಶೇಷವಾಗಿ ನೋಡಬೇಕಾದುದು ಉಡುಪು. ಸೀರೆಯ ಸೆರಗು, ಪಂಚೆಯ ಅಂಚು, ದುಪಟ್ಟಾ ಮೆಟ್ಟಿಲ ಪಕ್ಕದ ಸಂದಿಗೆ ಸುಲಭವಾಗಿ ಸಿಕ್ಕಿಕೊಳ್ಳುತ್ತವೆ. ಆ ಸಂದು ಒಂದು ಬದಿಗೆ 4 ಮಿಲಿಮೀಟರ್, ಎರಡೂ ಬದಿ ಸೇರಿ 7 ಮಿಲಿಮೀಟರ್ ಮೀರಬಾರದೆಂದು ಇಎನ್ 115 ಹೇಳುತ್ತದೆ. ದೆಹಲಿ ಮೆಟ್ರೋದ ಎಸ್ಕಲೇಟರುಗಳಿಗೆ ‘ಸೀರೆ ಕಾವಲು’ ಅಳವಡಿಸಿದ್ದು ಇದೇ ಕಾರಣಕ್ಕೆ. ಪಕ್ಕದಲ್ಲಿ ಸಾಲಾಗಿ ಕಾಣುವ ಬ್ರಷ್ಷುಗಳು ಬೂಟಿನ ಧೂಳು ಒರೆಸಲು ಇರುವವೆಂದು ಭಾವಿಸಿ ಕಾಲು ತಿಕ್ಕುವವರನ್ನು ಎಲ್ಲ ಊರುಗಳಲ್ಲೂ ಕಾಣಬಹುದು. ಅವು ಕಾಲನ್ನು ದೂರ ಇಡಲೆಂದೇ ಇರುವವು. ಕೈಹಿಡಿ ಪಟ್ಟಿ ಮೆಟ್ಟಿಲಿಗಿಂತ ನಿಧಾನವಾಗಿ ಚಲಿಸುತ್ತಿದ್ದರೆ ಅದನ್ನು ಹಿಡಿದವರು ಹಿಂದಕ್ಕೆ ವಾಲುತ್ತಾರೆ. ಮೇಲಿಂದ ಕೆಳಗಿನವರೆಗೆ ಒಮ್ಮೆ ಪಟ್ಟಿ ಹಿಡಿದು ನಿಂತರೆ ಯಾವ ಉಪಕರಣವೂ ಇಲ್ಲದೆ ಈ ದೋಷ ತಿಳಿಯುತ್ತದೆ. ವಾರಕ್ಕೊಮ್ಮೆ ಅಂಗಡಿಯ ಮೇಲ್ವಿಚಾರಕರು ಇಷ್ಟನ್ನು ಮಾಡಿದರೆ ಸಾಕು.

ವಾರ್ಷಿಕ ನಿರ್ವಹಣಾ ಕರಾರಿಗೆ ಸಹಿ ಹಾಕುವಾಗ ದರ ಹೋಲಿಸುವ ಮೊದಲು ಕರಾರಿನಲ್ಲಿ ಏನು ಸೇರಿದೆ ಎಂಬುದನ್ನು ಹೋಲಿಸಬೇಕು. ಕೆಲವು ಕರಾರುಗಳು ಕೂಲಿಯನ್ನಷ್ಟೇ ಒಳಗೊಂಡಿರುತ್ತವೆ. ಬ್ರೇಕಿನ ಪಟ್ಟಿ, ಸರಪಳಿ, ಮೆಟ್ಟಿಲ ಗಾಲಿ ಬದಲಿಸಬೇಕಾದಾಗ ಬೇರೆ ದರಪಟ್ಟಿ ಬರುತ್ತದೆ, ಅದರ ಮಂಜೂರಾತಿ ವಾರಗಟ್ಟಲೆ ತಡವಾಗುತ್ತದೆ, ಅಷ್ಟು ದಿನವೂ ಯಂತ್ರ ಓಡುತ್ತಲೇ ಇರುತ್ತದೆ. ಕೆಳಗಿನ ಗುಂಡಿಯನ್ನು ವರ್ಷಕ್ಕೆಷ್ಟು ಬಾರಿ ಶುಚಿಗೊಳಿಸಬೇಕೆಂಬುದನ್ನು ಕರಾರಿನಲ್ಲೇ ಬರೆಯಿಸಬೇಕು. ಭಾಗವೊಂದನ್ನು ಬದಲಿಸಿದಾಗ ಅದರ ತಯಾರಕರ ಹೊಸ ಸೂಚನಾಪತ್ರ ಕಡತಕ್ಕೆ ಸೇರಿದೆಯೇ ಎಂದು ನೋಡಬೇಕು. ಬ್ರೇಕಿನ ಪರೀಕ್ಷೆಯ ವರದಿಯಲ್ಲಿ ನಿಲುಗಡೆಯ ದೂರವನ್ನು ಅಳೆದು ಸೆಂಟಿಮೀಟರಿನಲ್ಲಿ ನಮೂದಿಸಿರಬೇಕು. ‘ಸರಿಯಿದೆ’ ಎಂದಷ್ಟೇ ಬರೆದ ವರದಿಯನ್ನು ಹಿಂದಿರುಗಿಸಿ, ಅಳತೆ ಬರುವವರೆಗೆ ಬಿಲ್ಲಿನ ಪಾವತಿಯನ್ನು ತಡೆಹಿಡಿಯಬಹುದೆಂಬ ಷರತ್ತನ್ನೂ ಕರಾರಿನಲ್ಲಿ ಮೊದಲೇ ಸೇರಿಸಿಕೊಳ್ಳತಕ್ಕದ್ದು.